ಒಂದು ರೆಫರೆನ್ಸ್, ಐದು ಯಂತ್ರಗಳು: 10 ಮೆಗಾಹರ್ಟ್ಸ್ ಹಂಚಿದ ಅನುಭವ

ಕತಾರ್ ದೇಶದ ಎಸ್‌ಹೈಲ್-2 ಉಪಗ್ರಹದಲ್ಲಿ ಹವ್ಯಾಸಿ ರೇಡಿಯೊದವರಿಗಾಗಿ ಮೀಸಲಿಟ್ಟ ಮರುಪ್ರಸಾರಕವಿದೆ. 2018ರ ನವೆಂಬರ್‌ನಲ್ಲಿ ಉಡಾವಣೆಯಾದ ಈ ಉಪಗ್ರಹ 25.9 ಡಿಗ್ರಿ ಪೂರ್ವ ರೇಖಾಂಶದಲ್ಲಿ ನೆಲೆಸಿದ್ದು, ದಾವಣಗೆರೆಯಿಂದ ನೋಡಿದರೆ ಪಶ್ಚಿಮಕ್ಕಿಂತ ತುಸು ದಕ್ಷಿಣಕ್ಕೆ, ದಿಗಂತದಿಂದ ಸುಮಾರು 31 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ವಿದ್ಯಾನಗರದ ನಮ್ಮ ಬೀದಿಯ ಡಿಟಿಎಚ್ ಡಿಷ್‌ಗಳೆಲ್ಲ ಆಗ್ನೇಯದ ಕಡೆಗೆ ಮುಖ ಮಾಡಿದ್ದರೆ, ನನ್ನ ತಾರಸಿಯ ಡಿಷ್ ಮಾತ್ರ ಪಡುವಣಕ್ಕೆ ತಿರುಗಿದೆ. ಅದರ ಮೂಲಕ 10489.750 ಮೆಗಾಹರ್ಟ್ಸ್‌ನ ಬೀಕನ್ನನ್ನೂ (ಗುರುತಿಗಾಗಿ ಸದಾ ಬರುತ್ತಿರುವ ಸಂಕೇತ) ಅದರ ಅಕ್ಕಪಕ್ಕದ ಮಾತುಕತೆಗಳನ್ನೂ ಕೇಳುವುದು ನಿವೃತ್ತಿಯ ನಂತರದ ನನ್ನ ನಿತ್ಯದ ಕೆಲಸ. ಕೇಳುವುದಷ್ಟೇ ಆಗಿದ್ದರೆ ಈ ಬರಹಕ್ಕೆ ಕಾರಣವಿರುತ್ತಿರಲಿಲ್ಲ. ಬೀಕನ್ನಿನ ಆವರ್ತನವನ್ನು ಅಳೆದು ದಾಖಲಿಸಬೇಕೆಂಬ ಆಸೆ ಹುಟ್ಟಿದ ಮೇಲೆ ಮೇಜಿನ ಮೇಲಿದ್ದ ಯಂತ್ರಗಳಿಗೆಲ್ಲ ಒಂದೇ ಅಳತೆಗೋಲನ್ನು, ಅಂದರೆ ಒಂದೇ ರೆಫರೆನ್ಸ್ ಆವರ್ತನವನ್ನು ಕೊಡುವ ಕೆಲಸಕ್ಕೆ ಇಳಿಯಬೇಕಾಯಿತು.

ಡಿಷ್‌ನ ಮುಂದಿದ್ದು ಸಂಕೇತವನ್ನು ಹಿಡಿದು ಕಡಿಮೆ ಆವರ್ತನಕ್ಕೆ ಇಳಿಸುವ ಎಲ್‌ಎನ್‌ಬಿಯೊಳಗೆ, ಅದರ ಗಡಿಯಾರದಂತೆ ಮಿಡಿಯುವ 25 ಮೆಗಾಹರ್ಟ್ಸ್‌ನ ಒಂದು ಪುಟ್ಟ ಕ್ರಿಸ್ಟಲ್ ಇರುತ್ತದೆ. ಅದನ್ನು 390 ಪಟ್ಟು ಮಾಡಿ 9750 ಮೆಗಾಹರ್ಟ್ಸ್ ಉಂಟುಮಾಡಿ, ಬಂದ ಸಂಕೇತದಿಂದ ಅದನ್ನು ಕಳೆದು, ಉಳಿದ 739.75 ಮೆಗಾಹರ್ಟ್ಸನ್ನು ಕೇಬಲ್ ಮೂಲಕ ಕೆಳಗೆ ಕಳಿಸುತ್ತದೆ. ಕ್ರಿಸ್ಟಲ್ ದಶಲಕ್ಷದಲ್ಲಿ ಒಂದು ಪಾಲು ಸರಿದರೂ ಈ ಗುಣಾಕಾರದಿಂದಾಗಿ 9.75 ಕಿಲೊಹರ್ಟ್ಸ್ ವ್ಯತ್ಯಾಸ ಬೀಳುತ್ತದೆ. ಧ್ವನಿ ಸಂಭಾಷಣೆಯೊಂದರ ಅಗಲ ಮೂರು ಕಿಲೊಹರ್ಟ್ಸ್‌ಗಿಂತ ಕಡಿಮೆ. ಆದ್ದರಿಂದ ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲಿನಲ್ಲಿ ತಾರಸಿಯ ಮೇಲೆ ಕಾಯುವ ಎಲ್‌ಎನ್‌ಬಿಯ ಮೂಲಕ ಕೇಳುವಾಗ, ಮೋಡವೊಂದು ಅಡ್ಡ ಬಂದು ಹೋದರೂ ಮಾತಾಡುತ್ತಿದ್ದವರು ಡಯಲ್‌ನಲ್ಲಿ ಪಕ್ಕಕ್ಕೆ ಸರಿದುಬಿಡುತ್ತಾರೆ. ಒಳಗೆ ಕೋಣೆಯಲ್ಲಿರುವ ಹ್ಯಾಕ್‌ಆರ್‌ಎಫ್ ಎಂಬ ಸಾಫ್ಟ್‌ವೇರ್ ರೇಡಿಯೊ, ಸಿಗ್ನಲ್ ಜನರೇಟರ್, ಆವರ್ತನ ಎಣಿಸುವ ಫ್ರೀಕ್ವೆನ್ಸಿ ಕೌಂಟರ್ ಹಾಗೂ ಯಾವ ಆವರ್ತನದಲ್ಲಿ ಎಷ್ಟು ಸಂಕೇತವಿದೆ ಎಂದು ತೋರಿಸುವ ಹಳೆಯ ಸ್ಪೆಕ್ಟ್ರಮ್ ಅನಲೈಸರ್‌ಗಳಿಗೂ ತಮ್ಮ ತಮ್ಮದೇ ಕ್ರಿಸ್ಟಲ್‌ಗಳಿವೆ. ಜನರೇಟರ್‌ನ ಒಂದೇ ಸಂಕೇತವನ್ನು ಉಳಿದ ಮೂರಕ್ಕೂ ಕೊಟ್ಟರೆ ಮೂರು ಉತ್ತರಗಳು ಬರುತ್ತಿದ್ದವು, ಯಾವುದು ಸರಿ ಎಂದು ತೀರ್ಮಾನಿಸಲು ಬೇರೆ ಸಾಕ್ಷಿ ಇರಲಿಲ್ಲ.

ನಾನು ದುಡಿದದ್ದು ದೂರವಾಣಿ ವಿನಿಮಯ ಕೇಂದ್ರಗಳ ಪ್ರಸರಣ ವಿಭಾಗದಲ್ಲಿ. ಡಿಜಿಟಲ್ ಜಾಲದ ಪ್ರತಿ ಉಪಕರಣವೂ ಮೂಲ ಗಡಿಯಾರವೊಂದರ ಅಧೀನದಲ್ಲಿ ನಡೆಯಬೇಕು, ಆ ಮೂಲ ಗಡಿಯಾರದ ದೀರ್ಘಾವಧಿಯ ದೋಷ 10,000 ಕೋಟಿಯಲ್ಲಿ ಒಂದು ಪಾಲನ್ನು ಮೀರಬಾರದು ಎಂಬ ಅಂತರರಾಷ್ಟ್ರೀಯ ನಿಯಮದಡಿ ಕೆಲಸ ಮಾಡಿದವರಿಗೆ, ಕೋಣೆಯೊಂದರಲ್ಲಿ ಐದು ಯಂತ್ರಗಳು ಐದು ಗಡಿಯಾರ ಇಟ್ಟುಕೊಂಡಿರುವುದು ಸಹಿಸಲಾಗದ ಸಂಗತಿ. ಅದೇ ಅನುಭವದಿಂದ ಇನ್ನೊಂದು ವಿಷಯವೂ ತಿಳಿದಿತ್ತು. ಒಳ್ಳೆಯ ಗಡಿಯಾರವನ್ನು ತಂದಿಡುವುದು ಕೆಲಸದ ಸಣ್ಣ ಭಾಗ, ಅದನ್ನು ಕೆಡಿಸದೆ ಎಲ್ಲರಿಗೂ ತಲುಪಿಸುವುದೇ ದೊಡ್ಡ ಭಾಗ.

ಮೂಲವಾಗಿ ನಾನು ಆರಿಸಿಕೊಂಡದ್ದು ಹವ್ಯಾಸಿಗಳು ಜಿಪಿಎಸ್‌ಡಿಒ ಎಂದು ಕರೆಯುವ ಪೆಟ್ಟಿಗೆಯನ್ನು. ಅದರೊಳಗೆ ಸದಾ ಒಂದೇ ಉಷ್ಣತೆಯಲ್ಲಿ ಇರಿಸಿದ 10 ಮೆಗಾಹರ್ಟ್ಸ್‌ನ ಓವನ್ ಕ್ರಿಸ್ಟಲ್ ಇದೆ. ಜಿಪಿಎಸ್ ರಿಸೀವರ್ ಪ್ರತಿ ಸೆಕೆಂಡಿಗೆ ಕೊಡುವ ಒಂದು ಮಿಡಿತದೊಂದಿಗೆ ಅದನ್ನು ಹೋಲಿಸಿ, ನಿಧಾನವಾಗಿ ತಿದ್ದುತ್ತ ಹೋಗುತ್ತದೆ. ನಿಧಾನ ಎಂಬುದು ಇಲ್ಲಿ ಮುಖ್ಯ. ಮಿಡಿತವು ಹತ್ತಾರು ನ್ಯಾನೊಸೆಕೆಂಡ್ ಹಿಂದೆ ಮುಂದೆ ಅಲುಗುವುದರಿಂದ ಒಂದು ಸೆಕೆಂಡಿನ ಹೋಲಿಕೆಯಲ್ಲಿ ಅದು ಕ್ರಿಸ್ಟಲ್‌ಗಿಂತ ಬಹಳ ಒರಟು. ಆದರೆ ಆ ಅಲುಗಾಟ ಕಾಲ ಕಳೆದಂತೆ ಕೂಡುತ್ತ ಹೋಗುವುದಿಲ್ಲವಾದ್ದರಿಂದ, ಸಾವಿರಾರು ಸೆಕೆಂಡುಗಳ ಹೋಲಿಕೆಯಲ್ಲಿ ಯಾವ ಕ್ರಿಸ್ಟಲ್ಲೂ ಅದಕ್ಕೆ ಸಮನಾಗದು. ಕಿರು ಅವಧಿಯ ನೆಮ್ಮದಿಯನ್ನು ಕ್ರಿಸ್ಟಲ್‌ನಿಂದಲೂ ದೀರ್ಘ ಅವಧಿಯ ಸತ್ಯವನ್ನು ಉಪಗ್ರಹಗಳ ಪರಮಾಣು ಗಡಿಯಾರಗಳಿಂದಲೂ ಪಡೆಯುವ ಈ ಏರ್ಪಾಡು ನನಗೆ ಇಂದಿಗೂ ಬೆರಗಿನದು. ಆ ಗಡಿಯಾರಗಳ ಮೂಲ ಆವರ್ತನ 10.23 ಮೆಗಾಹರ್ಟ್ಸ್. ಆದರೆ ಕಕ್ಷೆಯಲ್ಲಿ ಸಾಪೇಕ್ಷತೆಯ ಪರಿಣಾಮದಿಂದ ಅವು ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಮುಂದೆ ಓಡುವುದರಿಂದ, ನೆಲದಲ್ಲಿರುವಾಗಲೇ ಅವನ್ನು 10.22999999543ಕ್ಕೆ ಇಳಿಸಿರುತ್ತಾರೆ. ನಮ್ಮ ಇಸ್ರೋ ಸಂಸ್ಥೆಯೂ 2023ರ ಮೇ 29ರಂದು ಹಾರಿಸಿದ ಎನ್‌ವಿಎಸ್-01 ನಾವಿಕ್ (ಜಿಪಿಎಸ್‌ನಂಥ ಭಾರತದ್ದೇ ವ್ಯವಸ್ಥೆ) ಉಪಗ್ರಹದಲ್ಲಿ ದೇಶದಲ್ಲೇ ತಯಾರಾದ ರುಬಿಡಿಯಮ್ ಗಡಿಯಾರವನ್ನು ಕಳಿಸಿದೆ.

ಜಿಪಿಎಸ್ ಆಂಟೆನಾವನ್ನು ನೀರಿನ ಟ್ಯಾಂಕಿನ ಮೇಲ್ಭಾಗಕ್ಕಿಂತ ಎತ್ತರದಲ್ಲಿ, ನಾಲ್ಕು ದಿಕ್ಕಿನ ಆಕಾಶವೂ ಕಾಣುವಂತೆ ಒಂದು ಪೈಪಿಗೆ ಕಟ್ಟಿದೆ. ಅದರ ಕೇಬಲ್ ಎಷ್ಟು ಉದ್ದವಿದೆ ಎಂಬುದು ಸಮಯ ಅಳೆಯುವವರಿಗೆ ಮುಖ್ಯವೇ ಹೊರತು ಆವರ್ತನ ಬೇಕಾದವರಿಗಲ್ಲ, ಏಕೆಂದರೆ ಆ ವಿಳಂಬ ಬದಲಾಗದೆ ಇರುತ್ತದೆ. ನಮ್ಮ ಅಕ್ಷಾಂಶದಲ್ಲಿ ಗಮನಿಸಬೇಕಾದದ್ದು ಬೇರೆಯೇ ಇದೆ. ಭೂಕಾಂತೀಯ ಸಮಭಾಜಕಕ್ಕೆ ಹತ್ತಿರದ ಪ್ರದೇಶಗಳಲ್ಲಿ, ಸೌರ ಚಟುವಟಿಕೆ ಹೆಚ್ಚಿರುವ ವರ್ಷಗಳ ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನ ತಿಂಗಳುಗಳಲ್ಲಿ, ಸೂರ್ಯಾಸ್ತದ ನಂತರ ಅಯಾನುಗೋಳದಲ್ಲಿ ಗುಳ್ಳೆಗಳಂಥ ರಚನೆಗಳು ಏಳುತ್ತವೆ. ಆಗ ಉಪಗ್ರಹಗಳ ಸಂಕೇತ ಮಿನುಗುತ್ತದೆ. ರಾತ್ರಿ ಎಂಟು ಗಂಟೆಯ ಹೊತ್ತಿಗೆ ಆಕಾಶ ತಿಳಿಯಾಗಿದ್ದರೂ ಕೆಲವು ಉಪಗ್ರಹಗಳು ತಪ್ಪಿಹೋಗಿ, ಕ್ರಿಸ್ಟಲ್ ಜಿಪಿಎಸ್‌ಗೆ ಹೊಂದಿಕೊಂಡಿದೆ ಎಂದು ತೋರಿಸುವ ಪೆಟ್ಟಿಗೆಯ ಲಾಕ್ ದೀಪ ಆರಿದ್ದನ್ನು ನಾನು ಕಂಡಿದ್ದೇನೆ. ಅಂಥ ಹೊತ್ತಿನಲ್ಲಿ ಕಲಿತದ್ದನ್ನೇ ನೆಚ್ಚಿ ನಡೆಯಬೇಕಾದದ್ದು ಓವನ್ ಕ್ರಿಸ್ಟಲ್. ಆದ್ದರಿಂದ ಅಗ್ಗದ ಕ್ರಿಸ್ಟಲ್ ಇರುವ ಪೆಟ್ಟಿಗೆಯನ್ನು ಕೊಳ್ಳಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಇನ್ನು ಹಂಚುವ ವಿಷಯ. ಪೆಟ್ಟಿಗೆಯ ಒಂದೇ ಬಿಎನ್‌ಸಿ ಸಾಕೆಟ್‌ನಿಂದ 50 ಓಮ್ ಹೊರೆಗೆ 13 ಡಿಬಿಎಂ (ಒಂದು ಮಿಲಿವ್ಯಾಟ್‌ಗೆ ಹೋಲಿಸಿ ಹೇಳುವ ಶಕ್ತಿಯ ಅಳತೆ), ಅಂದರೆ ಶಿಖರದಿಂದ ಶಿಖರಕ್ಕೆ 2.8 ವೋಲ್ಟ್‌ನಷ್ಟು ಶುದ್ಧ ಸೈನ್ ತರಂಗ ಬರುತ್ತಿತ್ತು. ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಒಂದು ಕೇಬಲ್ಲನ್ನು ಎರಡಾಗಿ ಕವಲೊಡೆಸುವ ಟಿ ಕನೆಕ್ಟರ್. ಅದು ಯಾಕೆ ಸಲ್ಲದು ಎಂಬುದನ್ನು ಬಾಯಲ್ಲಿ ಹೇಳುವುದಕ್ಕಿಂತ ಅಳೆದು ಇಟ್ಟುಕೊಳ್ಳುವುದು ಲೇಸೆಂದು ಆಸಿಲೊಸ್ಕೋಪ್ ಜೋಡಿಸಿ ನೋಡಿದೆ. ಎರಡನೆಯ 50 ಓಮ್ ಹೊರೆ ಸೇರಿದಾಗ ವೋಲ್ಟೇಜ್ ಮೂರರಲ್ಲಿ ಎರಡು ಪಾಲಿಗೆ ಇಳಿಯಿತು, ಮೂರನೆಯದು ಸೇರಿದಾಗ ಅರ್ಧಕ್ಕೆ. ಒಂದೇ ನಲ್ಲಿಗೆ ಮೂರು ಮನೆಯವರು ಪೈಪು ಹಾಕಿಕೊಂಡಂತೆ, ಒಬ್ಬರು ತಿರುವಿದರೆ ಉಳಿದವರ ಧಾರೆ ಬದಲಾಗುತ್ತದೆ. ಇದಕ್ಕಿಂತ ಕೆಟ್ಟದ್ದು ತೆರೆದ ಕೇಬಲ್. 10 ಮೆಗಾಹರ್ಟ್ಸ್‌ನ ತರಂಗಾಂತರ ಗಾಳಿಯಲ್ಲಿ 30 ಮೀಟರ್, ಆರ್‌ಜಿ-58 ಕೇಬಲ್‌ನೊಳಗೆ ಸುಮಾರು 20 ಮೀಟರ್. ಅದರ ಕಾಲುಭಾಗ 5 ಮೀಟರ್. ಒಂದು ಯಂತ್ರವನ್ನು ಕಳಚಿ ಅದರ 5 ಮೀಟರ್ ಕೇಬಲ್ಲನ್ನು ಟಿಗೆ ಹಾಗೆಯೇ ಬಿಟ್ಟರೆ, ಆ ತೆರೆದ ತುದಿ ಟಿಯ ಹತ್ತಿರ ಶಾರ್ಟ್ ಸರ್ಕ್ಯೂಟ್ ಆಗಿ ವರ್ತಿಸುತ್ತದೆ. ಅಷ್ಟುದ್ದದ ತುಂಡನ್ನು ಸೇರಿಸಿದ ಕೂಡಲೇ ಪರದೆಯ ಮೇಲಿನ ತರಂಗ ಬಹುತೇಕ ಅಡಗಿಹೋಯಿತು. ಎಲ್ಲ ಯಂತ್ರಗಳೂ ಒಟ್ಟಿಗೆ ತಮ್ಮ ರೆಫರೆನ್ಸ್ ಕಳೆದುಕೊಳ್ಳಲು ಒಂದು ತೆರೆದ ಕೇಬಲ್ ಸಾಕು.

ಎರಡನೆಯ ದಾರಿ ಟ್ರಾನ್ಸ್‌ಫಾರ್ಮರ್‌ಗಳಿಂದ ಮಾಡಿದ ಪವರ್ ಸ್ಪ್ಲಿಟರ್. ನಾಲ್ಕು ದಾರಿಯದರಲ್ಲಿ ಪ್ರತಿ ಹೊರದಾರಿಗೂ ಆರು ಡಿಬಿಗಿಂತ (ಡೆಸಿಬೆಲ್, ಶಕ್ತಿಯ ಅನುಪಾತದ ಅಳತೆ) ಸ್ವಲ್ಪ ಹೆಚ್ಚು ನಷ್ಟ, ಎಂಟು ದಾರಿಯದರಲ್ಲಿ ಒಂಬತ್ತಕ್ಕಿಂತ ಹೆಚ್ಚು. ಅದಕ್ಕೆ ವಿದ್ಯುತ್ ಬೇಡ, ತನ್ನದೆಂಬ ಗದ್ದಲವನ್ನೂ ಸೇರಿಸುವುದಿಲ್ಲ. ಎರಡು ಮೂರು ಯಂತ್ರಗಳಷ್ಟೇ ಇರುವವರು ಇದನ್ನೇ ಬಳಸಿ ನಿಶ್ಚಿಂತರಾಗಿರಬಹುದು. ಆದರೆ ಒಂದು ದಾರಿಯಿಂದ ಹಿಮ್ಮುಖವಾಗಿ ನುಗ್ಗಿದ ಗದ್ದಲ ಇನ್ನೊಂದಕ್ಕೆ ಹೋಗದಂತೆ ತಡೆಯುವ ಶಕ್ತಿ ಅದರಲ್ಲಿ 20ರಿಂದ 30 ಡಿಬಿಯಷ್ಟು ಮಾತ್ರ, ಅದೂ ಎಲ್ಲ ದಾರಿಗಳಿಗೂ ಸರಿಯಾದ 50 ಓಮ್ ಸೇರಿದ್ದರೆ. ಡಿಜಿಟಲ್ ಯಂತ್ರಗಳ ಹಿಂದಿನ ಸಾಕೆಟ್‌ಗಳಿಂದ ಏನೆಲ್ಲ ಹಿಂದಕ್ಕೆ ಬರುತ್ತದೆ ಎಂಬುದನ್ನು ಅನಲೈಸರ್‌ನಲ್ಲಿ ನೋಡಿದ್ದ ನನಗೆ ಅಷ್ಟು ಸಾಲದೆನಿಸಿತು.

ಪ್ರತಿ ದಾರಿಗೂ ಉಳಿದವುಗಳಿಂದ ಬೇರ್ಪಡಿಸುವ ತನ್ನದೇ ಬಫರ್ ಇರುವ ಆಂಪ್ಲಿಫೈಯರ್ ಬೇಕಿತ್ತು. ಒಂದೇ 74ಎಸಿ04 ಡಿಜಿಟಲ್ ಚಿಪ್ಪಿನ ಆರು ಗೇಟುಗಳನ್ನು ಬಳಸಿ ಇದನ್ನು ಮಾಡುವ ಪದ್ಧತಿಯಿದೆ. ಆದರೆ ಗೇಟುಗಳು ಒಂದೇ ವಿದ್ಯುತ್ ಪಿನ್ ಹಂಚಿಕೊಳ್ಳುವುದರಿಂದ ಒಂದರ ಹೊರೆ ಇನ್ನೊಂದರ ಅಂಚನ್ನು ಅಲುಗಿಸುತ್ತದೆ, ಜೊತೆಗೆ ಚೌಕ ತರಂಗದ 30, 50, 70 ಮೆಗಾಹರ್ಟ್ಸ್ ಮೇಲುಸ್ವರಗಳು ಮನೆಯ ತುಂಬ ಹರಡುತ್ತವೆ. ಕೊನೆಗೆ ನನಗೆ ಬೇಕಾದದ್ದು ಸಿಕ್ಕಿದ್ದು ಅಶೋಕ ರಸ್ತೆಯ ಕಡೆಯ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ. ಅದು ಕೇಬಲ್ ಟಿವಿ ಮತ್ತು ಮದುವೆ ವಿಡಿಯೊದವರು ಬಳಸುತ್ತಿದ್ದ, ಒಂದು ಒಳದಾರಿ ಎಂಟು ಹೊರದಾರಿಯ ಅನಲಾಗ್ ವಿಡಿಯೊ ಡಿಸ್ಟ್ರಿಬ್ಯೂಷನ್ ಆಂಪ್ಲಿಫೈಯರ್.

“ಇದಕ್ಕೆ ಈಗ ಗಿರಾಕಿನೇ ಇಲ್ಲ ಸರ್. ಮೊದ್ಲು ಮದುವೆ ಮಂಟಪದಾಗೆ ಒಂದು ಕ್ಯಾಮೆರಾದ ಚಿತ್ರ ಎಂಟು ಟಿವಿಗೆ ಇದ್ರಲ್ಲೇ ಹೋಗ್ತಿತ್ತು. ನಿಮಗ್ಯಾಕೆ ಬೇಕು?” ಎಂದು ಅಂಗಡಿಯವರು ಕೇಳಿದರು.

“ನಂದೂ ಅದೇ ಕೆಲ್ಸ ಕಣಪ್ಪ. ಚಿತ್ರದ ಬದ್ಲು ಒಂದು ತರಂಗ ಹೋಗ್ಬೇಕು, ಅಷ್ಟೇ” ಎಂದೆ.

ಒಂದು ಬಗೆಯ ಸಂಕೇತವನ್ನು ಹಲವರಿಗೆ ಸಮನಾಗಿ, ಪರಸ್ಪರ ತಗಲದಂತೆ ಹಂಚುವ ಸಮಸ್ಯೆಯನ್ನು ವಿಡಿಯೊದವರು ಬಹಳ ಹಿಂದೆಯೇ ಬಗೆಹರಿಸಿದ್ದಾರೆ. ಪ್ರತಿ ಹೊರದಾರಿಗೂ ಎರಡು ಪಟ್ಟು ವರ್ಧನೆಯ ಆಪ್-ಆಂಪ್ (ವರ್ಧಕ ಚಿಪ್), ಅದರ ಮುಂದೆ 75 ಓಮ್‌ನ ಒಂದು ರೆಸಿಸ್ಟರ್. ಮನೆಗೆ ತಂದು ಸರ್ಕ್ಯೂಟನ್ನು ಗೆರೆ ಗೆರೆಯಾಗಿ ಗುರುತಿಸಿಕೊಂಡೆ. ಕೆಲವು ವಿಡಿಯೊ ಆಂಪ್ಲಿಫೈಯರ್‌ಗಳಲ್ಲಿ ಚಿತ್ರದ ಕಪ್ಪು ಮಟ್ಟವನ್ನು ಹಿಡಿದಿಡುವ ಕ್ಲ್ಯಾಂಪ್ ಇರುತ್ತದೆ. ಅದು ಸೈನ್ ತರಂಗದ ಒಂದು ಬದಿಯನ್ನು ಅದುಮಿಬಿಡುತ್ತದೆ. ಇದರಲ್ಲಿ ಆ ಭಾಗವಿರಲಿಲ್ಲ. 75 ಓಮ್‌ನ ರೆಸಿಸ್ಟರ್‌ಗಳನ್ನು ತೆಗೆದು 49.9 ಓಮ್‌ನವನ್ನು ಬೆಸುಗೆ ಹಾಕಿದೆ. ಇವು ವಿಡಿಯೊ ಸಂಕೇತದ ಒಂದು ವೋಲ್ಟ್‌ಗಾಗಿ ರಚಿತವಾದ ಆಪ್-ಆಂಪ್‌ಗಳಾದ್ದರಿಂದ, ಒಳದಾರಿಯಲ್ಲಿ ಒಂಬತ್ತು ಡಿಬಿ ಅಟೆನ್ಯುಯೇಟರ್ ಸೇರಿಸಿ 2.8 ವೋಲ್ಟನ್ನು ಒಂದು ವೋಲ್ಟ್‌ಗೆ ಇಳಿಸಿದೆ. ಹೊರದಾರಿಗಳಲ್ಲೂ ಅಷ್ಟೇ, ಅಂದರೆ ಸುಮಾರು 4 ಡಿಬಿಎಂ ಸಿಕ್ಕಿತು. ತಡೆಯ ಶಕ್ತಿಯನ್ನು ಅಳೆಯಲು ಜನರೇಟರ್‌ನಿಂದ 10.001 ಮೆಗಾಹರ್ಟ್ಸನ್ನು ಒಂದು ಹೊರದಾರಿಗೆ ಹಿಮ್ಮುಖವಾಗಿ ಕೊಟ್ಟು, ಪಕ್ಕದ ದಾರಿಯಲ್ಲಿ ಅದೆಷ್ಟು ಕಾಣುತ್ತದೆ ಎಂದು ಅನಲೈಸರ್‌ನಲ್ಲಿ ನೋಡಿದೆ. ಎಲ್ಲ ಜೋಡಿಗಳಲ್ಲೂ 50 ಡಿಬಿಗಿಂತ ಹೆಚ್ಚು ಇಳಿಕೆ ಇತ್ತು. ಯಾವ ದಾರಿಯ ಕೇಬಲ್ಲನ್ನು ತೆರೆದಿಟ್ಟರೂ, ಶಾರ್ಟ್ ಮಾಡಿದರೂ ಉಳಿದವುಗಳಲ್ಲಿ ಬದಲಾವಣೆ ಕಾಣಲಿಲ್ಲ.

ಇಷ್ಟಾದರೂ ಬೀಕನ್ನಿನ ದನಿಯಲ್ಲಿ ಒಂದು ಒರಟುತನ ಉಳಿದಿತ್ತು. ಅನಲೈಸರ್‌ನಲ್ಲಿ ನೋಡಿದರೆ 10 ಮೆಗಾಹರ್ಟ್ಸ್ ಚೊಕ್ಕಟವಾಗಿ ನಿಂತಿತ್ತು. ಆದರೆ ಹ್ಯಾಕ್‌ಆರ್‌ಎಫ್‌ನ ಪರದೆಯಲ್ಲಿ ಬೀಕನ್ನನ್ನು ಹಿಗ್ಗಿಸಿ ನೋಡಿದಾಗ ಅದರ ಎರಡೂ ಬದಿಗೆ 50 ಮತ್ತು 100 ಹರ್ಟ್ಸ್ ದೂರದಲ್ಲಿ ಸಣ್ಣ ಗೆರೆಗಳಿದ್ದವು. ಮೂಲ ರೆಫರೆನ್ಸ್‌ನಲ್ಲಿ ಕಣ್ಣಿಗೇ ಬೀಳದ್ದು ಬೀಕನ್ನಿನಲ್ಲಿ ಕಾಣಲು ಕಾರಣ ಗುಣಾಕಾರ. 10ರಿಂದ 9750 ಮೆಗಾಹರ್ಟ್ಸ್‌ಗೆ ಏರಿಸುವುದೆಂದರೆ 975 ಪಟ್ಟು. ಆವರ್ತನದೊಂದಿಗೆ ಅದರ ಫೇಸ್, ಅಂದರೆ ಅಲೆಯ ಹಂತದ ಅಲುಗಾಟವೂ ಅಷ್ಟೇ ಪಟ್ಟು ಬೆಳೆಯುತ್ತದೆ, ಡಿಬಿಯಲ್ಲಿ ಹೇಳಿದರೆ ಸುಮಾರು 60. ರೆಫರೆನ್ಸ್‌ನಲ್ಲಿ 90 ಡಿಬಿ ಕೆಳಗಿದ್ದ ಕೊಳೆ ಹತ್ತು ಗಿಗಾಹರ್ಟ್ಸ್‌ನಲ್ಲಿ 30 ಡಿಬಿ ಕೆಳಗೆ ಬಂದು ನಿಲ್ಲುತ್ತದೆ. ಸೂಕ್ಷ್ಮತರಂಗದ ಕೆಲಸಕ್ಕೆ ರೆಫರೆನ್ಸ್ ಹಂಚುವವರು ಈ ಒಂದು ಲೆಕ್ಕವನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

50 ಹರ್ಟ್ಸ್ ಎಂದರೆ ಮನೆಯ ವಿದ್ಯುತ್ತೇ. ಮೇಜಿನ ಮೇಲಿನ ಯಂತ್ರಗಳು ಮೂರು ಪಿನ್ನಿನ ಪ್ಲಗ್ಗುಗಳ ಮೂಲಕ ಒಮ್ಮೆ ನೆಲಕ್ಕೆ ಸೇರಿವೆ, ರೆಫರೆನ್ಸ್ ಕೇಬಲ್‌ನ ಹೊರಕವಚದ ಮೂಲಕ ಮತ್ತೊಮ್ಮೆ ಪರಸ್ಪರ ಸೇರಿವೆ. ಈ ಸುತ್ತಿನಲ್ಲಿ ಹರಿಯುವ ಪ್ರವಾಹವೇ ಕೊಳೆಯ ಮೂಲ. ಬಿಡಿಸುವ ದಾರಿ ಪ್ರತಿ ಹೊರದಾರಿಗೂ ಒಂದಕ್ಕೊಂದು ಅನುಪಾತದ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರ್. ಅರ್ಧ ಅಂಗುಲದ 43ನೇ ಬಗೆಯ ಫೆರೈಟ್ ಉಂಗುರಗಳನ್ನು ತರಿಸಿ, ಎರಡು ತಂತಿಗಳನ್ನು ಹೆಣೆದು ಸುತ್ತುವ ಬದಲು ಉಂಗುರದ ಎದುರುಬದುರು ಭಾಗಗಳಲ್ಲಿ ಹತ್ತು ಹತ್ತು ಸುತ್ತು ಹಾಕಿದೆ. ಹೆಣೆದು ಸುತ್ತಿದರೆ ತಂತಿಗಳ ನಡುವಿನ ಕೆಪಾಸಿಟೆನ್ಸ್ ಮೂಲಕವೇ ಗದ್ದಲ ದಾಟಿಬಿಡುತ್ತದೆ. ಬಿಎನ್‌ಸಿ ಸಾಕೆಟ್‌ಗಳೂ ಪೆಟ್ಟಿಗೆಯ ಲೋಹಕ್ಕೆ ತಾಗದಂತೆ ಪ್ಲಾಸ್ಟಿಕ್ ಕೊರಳಿನವು ಇರಬೇಕು, ಇಲ್ಲವಾದರೆ ಟ್ರಾನ್ಸ್‌ಫಾರ್ಮರ್ ಹಾಕಿದ್ದೆಲ್ಲ ವ್ಯರ್ಥ. ಇವೆಲ್ಲ ಕೂಡಿದ ಸಂಜೆ ಬೀಕನ್ನಿನ ಬದಿಯ ಗೆರೆಗಳು ಗದ್ದಲದ ಮಟ್ಟದೊಳಗೆ ಮುಳುಗಿಹೋದವು, ದನಿ ಕೊಳಲಿನಷ್ಟು ನಯವಾಯಿತು. ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಗಳಿಗೆ ಅದು.

ಯಂತ್ರಗಳಿಗೆ ಜೋಡಿಸುವುದು ಒಂದೊಂದಕ್ಕೆ ಒಂದೊಂದು ಬಗೆ. ಕೌಂಟರ್, ಜನರೇಟರ್ ಮತ್ತು ಅನಲೈಸರ್‌ಗಳಿಗೆ ಹಿಂಬದಿಯ ಸಾಕೆಟ್‌ಗೆ ಕೇಬಲ್ ಸಿಕ್ಕಿಸಿದರೆ ಮುಗಿಯಿತು. ಹ್ಯಾಕ್‌ಆರ್‌ಎಫ್ ಬೇಡುವುದು ಸೈನ್ ತರಂಗವನ್ನಲ್ಲ, ಸೊನ್ನೆಯಿಂದ ಮೂರು ವೋಲ್ಟ್‌ವರೆಗಿನ ಚೌಕ ತರಂಗವನ್ನು. 3.3 ವೋಲ್ಟ್ ಮೀರಿದರೆ ಅದಕ್ಕೆ ಅಪಾಯ. ಆದ್ದರಿಂದ ಅದರ ಬಳಿಯಲ್ಲೇ 3.3 ವೋಲ್ಟ್‌ನಲ್ಲಿ ನಡೆಯುವ ಒಂದು ಷ್ಮಿಟ್ ಗೇಟನ್ನು ಚಿಕ್ಕ ಡಬ್ಬಿಯಲ್ಲಿಟ್ಟು ಸೈನನ್ನು ಚೌಕ ಮಾಡಿದೆ. ಅದು ಹೊರಗಿನ ಗಡಿಯಾರವನ್ನು ಗಮನಿಸುವುದು ಸ್ವೀಕಾರ ಅಥವಾ ಪ್ರಸಾರ ಆರಂಭವಾಗುವ ಕ್ಷಣದಲ್ಲಿ ಮಾತ್ರ. ನಡುವೆ ಕೇಬಲ್ ಸಿಕ್ಕಿಸಿದರೆ ಸಾಫ್ಟ್‌ವೇರನ್ನು ನಿಲ್ಲಿಸಿ ಮತ್ತೆ ಶುರುಮಾಡಬೇಕು.

ಎಲ್‌ಎನ್‌ಬಿಗೆ ಬೇಕಾದದ್ದು 25 ಮೆಗಾಹರ್ಟ್ಸ್. ಅಗ್ಗದ ಸಿಂಥೆಸೈಸರ್ ಚಿಪ್ಪುಗಳು ಅದನ್ನು ಸುಲಭವಾಗಿ ಕೊಡುತ್ತವೆಯಾದರೂ ಅವುಗಳ ಫೇಸ್ ಗದ್ದಲ 390 ಪಟ್ಟು ಬೆಳೆದ ಮೇಲೆ ಕೇಳಲು ಹಿತವಲ್ಲ. 25 ಮೆಗಾಹರ್ಟ್ಸ್‌ನ ವೋಲ್ಟೇಜ್ ನಿಯಂತ್ರಿತ ಕ್ರಿಸ್ಟಲ್ ಒಂದನ್ನು ತೆಗೆದುಕೊಂಡು, ಅದನ್ನು ಐದರಿಂದಲೂ ರೆಫರೆನ್ಸನ್ನು ಎರಡರಿಂದಲೂ ಭಾಗಿಸಿ, ಎರಡೂ 5 ಮೆಗಾಹರ್ಟ್ಸ್ ಆದಲ್ಲಿ ಹೋಲಿಸಿ, ಬಲು ನಿಧಾನವಾದ ಲೂಪಿನಿಂದ ಲಾಕ್ ಮಾಡಿದೆ. ಎರಡು ಹೊರದಾರಿಯ ಎಲ್‌ಎನ್‌ಬಿಯನ್ನು ಬಿಚ್ಚಿ, ಒಳಗಿನ ಕ್ರಿಸ್ಟಲ್ಲನ್ನು ತೆಗೆದು, ಒಂದು ಎಫ್ ಸಾಕೆಟ್ಟನ್ನು ರೆಫರೆನ್ಸ್ ಒಳಬರುವ ದಾರಿಯಾಗಿ ಮಾಡುವುದು ಈ ಉಪಗ್ರಹ ಕೇಳುವವರಲ್ಲಿ ರೂಢಿಯಲ್ಲಿರುವ ಮಾರ್ಪಾಡು. ಹೀಗೆ ಆರ್‌ಜಿ-6ರ ಎರಡು ಕೇಬಲ್‌ಗಳು ತಾರಸಿಗೆ ಹೋದವು, ಒಂದರಲ್ಲಿ ರೆಫರೆನ್ಸ್ ಏರುತ್ತದೆ, ಇನ್ನೊಂದರಲ್ಲಿ ಸಂಕೇತ ಇಳಿಯುತ್ತದೆ. ಅದು 75 ಓಮ್‌ನ ಕೇಬಲ್ ಎಂಬ ಆಕ್ಷೇಪ ಬರಬಹುದು. 50 ಓಮ್‌ನೊಂದಿಗೆ ಅದರ ಹೊಂದಿಕೆಯ ಕೊರತೆ ಒಂದೂವರೆ ಸ್ಟ್ಯಾಂಡಿಂಗ್ ವೇವ್ ಅನುಪಾತದಷ್ಟು ಮಾತ್ರ (ಪೂರ್ಣ ಹೊಂದಿಕೆಯಾದರೆ ಅದು ಒಂದು). ಸ್ಥಿರವಾಗಿ ನಿಂತಿರುವ ಒಂದೇ ಆವರ್ತನಕ್ಕೆ ಅದರಿಂದ ತೊಂದರೆಯಿಲ್ಲ.

ವಿದ್ಯುತ್ ಹೋದಾಗ ಓವನ್ ತಣ್ಣಗಾದರೆ ಮತ್ತೆ ಅದು ನೆಲೆಗೊಳ್ಳಲು ಬಹಳ ಹೊತ್ತು ಬೇಕು. ಮನೆಯ ಇನ್ವರ್ಟರ್ ಗದ್ದಲದ ವಸ್ತುವಾದ್ದರಿಂದ ಅದನ್ನು ನೆಚ್ಚದೆ, ಸಾಮಾನ್ಯ ಟ್ರಾನ್ಸ್‌ಫಾರ್ಮರ್‌ನ ಲೀನಿಯರ್ ಸಪ್ಲೈಗೆ 12 ವೋಲ್ಟ್‌ನ ಬ್ಯಾಟರಿಯನ್ನು ಸದಾ ಜೋಡಿಸಿಟ್ಟೆ. ಪೆಟ್ಟಿಗೆಯನ್ನು ಫ್ಯಾನಿನ ಗಾಳಿ ತಾಗದ ಕೆಳಗಿನ ಗೂಡಿನಲ್ಲಿ ಇರಿಸಿದ್ದೇನೆ.

ಎಲ್ಲ ಮುಗಿದ ಮೇಲೆ ಜನರೇಟರನ್ನು 739.75 ಮೆಗಾಹರ್ಟ್ಸ್‌ಗೆ ಇಟ್ಟು ಕೌಂಟರ್‌ಗೂ ಅನಲೈಸರ್‌ಗೂ ಹ್ಯಾಕ್‌ಆರ್‌ಎಫ್‌ಗೂ ಕೊಟ್ಟೆ. ಮೂರರ ಉತ್ತರವೂ ಒಂದೇ ಆಯಿತು. ಅದು ಆಗಲೇಬೇಕಾದದ್ದು, ಏಕೆಂದರೆ ನಾಲ್ಕೂ ಒಂದೇ ಗಡಿಯಾರದ ಮಕ್ಕಳು, ಗಡಿಯಾರವೇ ತಪ್ಪಿದ್ದರೂ ಅವು ಒಪ್ಪುತ್ತಿದ್ದವು. ಹಾಗಾಗಿ ಹೊರಗಿನ ಸಾಕ್ಷಿಯೊಂದು ಬೇಕಿತ್ತು. ಚಿತ್ರದುರ್ಗದಲ್ಲಿರುವ ಸ್ನೇಹಿತರೊಬ್ಬರ ಬಳಿ ಬೇರೆ ತಯಾರಿಕೆಯ ಜಿಪಿಎಸ್‌ಡಿಒ ಇದೆ, ಅವರೂ ತಮ್ಮ ಎಲ್‌ಎನ್‌ಬಿಯನ್ನು ಅದಕ್ಕೆ ಕಟ್ಟಿದ್ದಾರೆ. ಬೆಳಗಿನಿಂದ ಮರುದಿನ ಬೆಳಗಿನವರೆಗೆ ಇಬ್ಬರೂ ಬೀಕನ್ನನ್ನು ದಾಖಲಿಸೋಣ ಎಂದು ಮಾತಾಡಿಕೊಂಡೆವು. ನನ್ನ ದಾಖಲೆಯಲ್ಲಿ ಬೀಕನ್ ಒಂದೇ ಕಡೆ ನಿಂತಿರಲಿಲ್ಲ, ಹತ್ತಾರು ಹರ್ಟ್ಸ್‌ಗಳ ಒಳಗೆ ನಿಧಾನವಾಗಿ ಏರಿ ಇಳಿಯುತ್ತಿತ್ತು. ಭೂಸ್ಥಿರವೆನಿಸಿದ ಉಪಗ್ರಹವೂ ಪೂರ್ತಿ ನಿಂತಿರುವುದಿಲ್ಲ. ಅದು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ನಮ್ಮತ್ತ ಸರಿದರೂ 10.489 ಗಿಗಾಹರ್ಟ್ಸ್‌ನಲ್ಲಿ 35 ಹರ್ಟ್ಸ್‌ನ ಡಾಪ್ಲರ್ ಕಾಣುತ್ತದೆ. ಅದರೊಳಗಿನ ಆಂದೋಲಕದ ಅಲುಗಾಟವೂ ಇದಕ್ಕೆ ಕೂಡುತ್ತದೆ. ಇವೆರಡೂ ಇದುವರೆಗೆ ನನ್ನ ಎಲ್‌ಎನ್‌ಬಿಯ ಸಾವಿರಾರು ಹರ್ಟ್ಸ್‌ಗಳ ಅಲೆದಾಟದ ಅಡಿಯಲ್ಲಿ ಹೂತುಹೋಗಿದ್ದವು. ಚಿತ್ರದುರ್ಗದ ದಾಖಲೆಯನ್ನು ತರಿಸಿಕೊಂಡು ನನ್ನದರ ಮೇಲಿಟ್ಟು ನೋಡಿದಾಗ ಎರಡೂ ಗೆರೆಗಳು ದಿನವಿಡೀ ಒಟ್ಟಿಗೇ ಏರಿ ಒಟ್ಟಿಗೇ ಇಳಿದಿದ್ದವು, ಅವುಗಳ ನಡುವಿನ ಅಂತರ ಒಂದೆರಡು ಹರ್ಟ್ಸ್ ದಾಟಿರಲಿಲ್ಲ. ಈಗ ಎಂಟು ಹೊರದಾರಿಗಳಲ್ಲಿ ಮೂರು ಖಾಲಿ ಇವೆ, ಮೂರಕ್ಕೂ 50 ಓಮ್‌ನ ಟರ್ಮಿನೇಟರ್ ಹಾಕಿಟ್ಟಿದ್ದೇನೆ.